ಬೀಗರು ಆರಿಸಿದ ಹುಡುಗರು

ಶನಿವಾರ ಮಧ್ಯಾಹ್ನ ಫುಟ್‌ಬಾಲ್ ಕ್ಲಬ್ಬಿನ ಸಮಿತಿ ಸೇರಿ, ಬೀಗರಿಗೆ ಇನ್ನೊಂದು ವರ್ಷ ಕೊಡುವುದೋ ಅಥವಾ ಕೈಮುಗಿದು ಮನೆಗೆ ಕಳಿಸುವುದೋ ಎಂದು ತೀರ್ಮಾನ ಮಾಡುವುದಿತ್ತು. ಸಮಿತಿಯವರು ಇನ್ನೂ ಯೋಚಿಸುತ್ತಿದ್ದರು. ಊರು ಯೋಚಿಸಿ ಮುಗಿಸಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತವನು ಕೂಡ ಕತ್ತಿಯ ಭಯವಿಲ್ಲದೆ ತಲೆ ತಿರುಗಿಸಿ, “ಕಳಿಸಿಬಿಡ್ಲಿ ಅತ್ಲಾಗೆ, ಇನ್ನೆಷ್ಟು ದಿನ ಅಂತ ನೋಡೋದು” ಎನ್ನುತ್ತಿದ್ದ.

ಬೀಗರು ಎಂದರೆ ಆ ಕ್ಲಬ್ಬಿನಲ್ಲಿ ಆಟಗಾರರನ್ನು ಆರಿಸಿ ತರುವ ಮುಖ್ಯಸ್ಥರು. ಯಾವ ಊರಿನಿಂದ ಯಾವ ಹುಡುಗನನ್ನು ಕರೆತರಬೇಕು, ಯಾರನ್ನು ಉಳಿಸಿಕೊಳ್ಳಬೇಕು, ಯಾರ ಬೆನ್ನು ತಟ್ಟಿ ದಾರಿ ತೋರಿಸಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಆಡಿಸುವವನು ಕೋಚ್. ಆದರೆ ಕೋಚ್ ಎದುರಿಗೆ ಯಾರು ಬಂದು ನಿಲ್ಲಬೇಕು ಎಂದು ಗೊತ್ತು ಮಾಡುವವರು ಇವರು. ಅಡುಗೆ ಮಾಡುವವನು ಒಬ್ಬ, ಸಾಮಾನು ತರುವವನು ಇನ್ನೊಬ್ಬ ಇದ್ದ ಹಾಗೆ. ಊಟ ಕೆಟ್ಟ ದಿನ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುವುದು ಎಲ್ಲ ಕಡೆ ಇದ್ದದ್ದೇ.

ಆ ಅಡ್ಡಹೆಸರು ಬಂದದ್ದು ಅವರ ಕೆಲಸದ ರೀತಿಯಿಂದ. ಬೇರೆ ಕ್ಲಬ್ಬಿನವರು ಹುಡುಗನ ಆಟ ನೋಡಿ, ಮೈದಾನದ ಗೇಟಿನ ಹತ್ತಿರವೇ ಮಾತಾಡಿ ಮುಗಿಸುತ್ತಿದ್ದರು. ಇವರು ಹಾಗಲ್ಲ. ಆಟ ಹಿಡಿಸಿದರೆ ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಹಣ್ಣಿನ ಪೊಟ್ಟಣ ಹಿಡಿದು, ಹುಡುಗನ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಅಪ್ಪ ಏನು ಕೆಲಸ ಮಾಡುತ್ತಾರೆ, ಹುಡುಗ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾನೆ, ತಂಗಿಯ ಜೊತೆ ಹೇಗಿರುತ್ತಾನೆ, ಕೋಪ ಬಂದರೆ ಬಾಗಿಲು ಬಡಿಯುತ್ತಾನೋ ಇಲ್ಲವೋ ಎಲ್ಲವನ್ನೂ ಕೇಳುವರು. ತಾಯಿ ಹೇಳಿದ್ದು ಸಾಲದೆ ಪಕ್ಕದ ಮನೆಯವರನ್ನು ಕೇಳುವರು. ಹಳೆಯ ಮೇಷ್ಟ್ರು ದಾರಿಯಲ್ಲಿ ಸಿಕ್ಕರೆ ಅವರನ್ನೂ ಬಿಡುತ್ತಿರಲಿಲ್ಲ. ಅಷ್ಟು ಹೊತ್ತೂ ಹುಡುಗ ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿರುತ್ತಿದ್ದ. ಬಂದದ್ದು ಫುಟ್‌ಬಾಲಿಗೋ ಸಂಬಂಧ ಕುದುರಿಸುವುದಕ್ಕೋ ಎಂದು ನೋಡಿದವರಿಗೆ ಅನುಮಾನವಾಗಬೇಕು. ಯಾವುದೋ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜ, “ಬೀಗರು ಬಂದ್ರು, ಕುರ್ಚಿ ಹಾಕ್ರೋ” ಎಂದನಂತೆ. ಅಲ್ಲಿಂದ ಅವರು ಊರಿಗೆಲ್ಲ ಬೀಗರಾದರು.

ಮೊದಲಿನಿಂದಲೂ ಅವರು ಫುಟ್‌ಬಾಲಿನವರಲ್ಲ. ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಕೆಲಸದಲ್ಲಿದ್ದವರು. ಯಾವ ಡ್ರೈವರಿಗೆ ಯಾವ ರೂಟು, ಅವನ ಜೊತೆ ಯಾವ ಕಂಡಕ್ಟರು ಎಂದು ಬೆಳಗಾಗುವುದರೊಳಗೆ ಜೋಡಿ ಮಾಡಿ ಕಳಿಸಬೇಕು. ಸಿಡುಕು ಮೂತಿಯ ಡ್ರೈವರಿಗೆ ಬಾಯಿಬಡುಕ ಕಂಡಕ್ಟರನ್ನು ಜೋಡಿಸಿದರೆ ಬಸ್ಸು ನಡುದಾರಿಯಲ್ಲಿ ನಿಂತು, ಪ್ರಯಾಣಿಕರು ಕಿಟಕಿಯಿಂದ ಕತ್ತು ಹಾಕಿ ಅವರಿಬ್ಬರ ಪಂಚಾಯಿತಿ ನೋಡಬೇಕಾಗುತ್ತದೆ. ಇವರ ಕಾಲದಲ್ಲಿ ಅಂಥದ್ದು ಆಗಲಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರು ರಾತ್ರಿ ನಿದ್ದೆ ಮಾಡಿಲ್ಲ, ಯಾರಿಗೆ ಯಾರ ಮುಖ ಕಂಡರೆ ಆಗುವುದಿಲ್ಲ ಎಲ್ಲವೂ ಇವರಿಗೆ ಗೊತ್ತು. ಶಾಂತ ಸ್ವಭಾವದವರನ್ನು ಶಾಂತ ಸ್ವಭಾವದವರ ಜೊತೆ ಕೂಡಿಸಿದರೆ ಬಸ್ಸು ತಾನಾಗಿಯೇ ಊರು ಸೇರುತ್ತದೆ ಎಂಬುದು ಅವರು ಅಲ್ಲಿ ಕಲಿತ ಪಾಠ. ಬಸ್ಸಿನ ಮಟ್ಟಿಗೆ ಅದು ಸರಿಯಾದ ಪಾಠವೇ.

ಆಮೇಲೆ ಆ ಡಿಪೋವನ್ನು ಇನ್ನೊಂದರ ಜೊತೆ ಸೇರಿಸಿ ಇವರನ್ನು ಬೇಗನೆ ನಿವೃತ್ತಿ ಮಾಡಿ ಕಳಿಸಿದರು. ಮನೆಯಲ್ಲಿ ಕೂತ ಆ ಒಂದು ವರ್ಷದ ಮಾತೆತ್ತಿದರೆ ಅವರ ಹೆಂಡತಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಅಂಗಿಗೆ ಇಸ್ತ್ರಿ ಹಾಕಿ ತೊಟ್ಟುಕೊಂಡು, ಕಿಟಕಿಯ ಬಳಿ ಕುರ್ಚಿ ಎಳೆದು ಕೂರುವರು. ಹೋಗುವ ಬಸ್ಸುಗಳನ್ನು ನೋಡುವರು. “ಇವನು ಲೇಟು” ಎಂದು ತಮಗೆ ತಾವೇ ಹೇಳಿಕೊಳ್ಳುವರು. ಒಂದು ದಿನ ಆಕೆ ಕೆಲಸದಿಂದ ಬಂದು ನೋಡಿದರೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಟ್ಟಿದ್ದರು. ಉಪ್ಪು ಯಾವುದರಲ್ಲಿದೆ ಎಂದು ಹುಡುಕಲು ಹೋಗಿ ಆಕೆ ಅಳುವಂತಾಯಿತು. ಅವರಿಗೆ ಬೇಕಾಗಿದ್ದದ್ದು ಕೆಲಸಕ್ಕಿಂತ ಹೆಚ್ಚಾಗಿ ಮನುಷ್ಯರು. ಡಿಪೋದ ಕಾಲದಿಂದ ಪರಿಚಯವಿದ್ದ ಟೈರ್ ಅಂಗಡಿಯ ಯಜಮಾನರು ಕ್ಲಬ್ಬಿನ ಅಧ್ಯಕ್ಷರಾದಾಗ, “ನಿಮಗೆ ಜನ ಗೊತ್ತಾಗ್ತಾರೆ, ಬನ್ನಿ” ಎಂದು ಕರೆದರು. ಬೀಗರು ಮಾರನೆಯ ದಿನವೇ ಹೋದರು. ಶನಿವಾರ ಸಮಿತಿ ಬೇಡ ಎಂದರೆ ಮತ್ತೆ ಅದೇ ಕಿಟಕಿ, ಅದೇ ಕುರ್ಚಿ. ಗಂಡ ಹೆಂಡತಿ ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ ಅಷ್ಟೆ.

ಶುರುವಿನಲ್ಲಿ ಅವರೂ ಎಲ್ಲರ ಹಾಗೆ ಬರೀ ಕಾಲು ನೋಡಿಯೇ ಆರಿಸಿದರು. ಹಾಗೆ ತಂದವನೇ ‘ಮಿಂಚು’. ಹೆಸರಿಗೆ ತಕ್ಕ ಹಾಗೆ ಓಡುತ್ತಿದ್ದ. ಗೋಲು ಹೊಡೆದ, ಜನ ತಲೆಯ ಮೇಲೆ ಹೊತ್ತು ಕುಣಿದರು. ಆಮೇಲೆ ಪ್ರಾಕ್ಟೀಸಿಗೆ ಬರುವುದನ್ನು ಬಿಟ್ಟ, ಗೋಲ್‌ಕೀಪರನ ಮೂಗಿಗೆ ಗುದ್ದಿದ, ಇದ್ದ ಹುಡುಗರಲ್ಲಿ ಎರಡು ಗುಂಪು ಮಾಡಿದ, ಸೀಸನ್ ಅರ್ಧದಲ್ಲಿರುವಾಗ ಹೇಳದೆ ಕೇಳದೆ ಬೇರೆ ಕ್ಲಬ್ಬಿಗೆ ಹೋಗಿ ಕೈಕೊಟ್ಟ. ಬೀಗರು ಅವತ್ತು ತುಂಬ ಅವಮಾನ ಪಟ್ಟರು. ಡಿಪೋದಲ್ಲಿ ಇಂಥವನನ್ನು ಒಂದು ದಿನವೂ ಬಸ್ಸು ಹತ್ತಿಸುತ್ತಿರಲಿಲ್ಲವಲ್ಲ ಎಂದುಕೊಂಡರು. “ಕಾಲನ್ನ ಮೈದಾನದಲ್ಲಿ ನೋಡ್ತೀನಿ, ಗುಣ ಮನೇಲೇ ನೋಡ್ಬೇಕು” ಎಂದು ಸಮಿತಿಗೆ ಹೇಳಿದರು. ಸಮಿತಿಯವರೂ ತಲೆದೂಗಿದರು. ಹಣ್ಣಿನ ಪೊಟ್ಟಣ ಶುರುವಾದದ್ದು ಅಲ್ಲಿಂದ.

ಮೂರು ವರ್ಷದಲ್ಲಿ ತಂಡ ತುಂಬಿತು. ಎಂಥ ತಂಡ ಅಂತೀರಿ! ಚಿನ್ನದಂಥ ಹುಡುಗರು. ಡ್ರೆಸ್ಸಿಂಗ್ ರೂಮಿನಲ್ಲಿ ಬೂಟುಗಳು ಸಾಲಾಗಿ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ಹೊರಗಿನ ಪಂದ್ಯಕ್ಕೆ ಹೋದಾಗ ಹೋಟೆಲಿನವರು, ಮುಂದಿನ ಸಲವೂ ನಿಮ್ಮ ಹುಡುಗರೇ ಬರಲಿ ಎಂದು ಕೈಹಿಡಿದು ಹೇಳುತ್ತಿದ್ದರು. ಶಿಸ್ತಿನ ಬಹುಮಾನ ಪ್ರತಿವರ್ಷ ಇವರಿಗೇ. ಗೆಲ್ಲುವುದೊಂದು ಮಾತ್ರ ಇವರಿಂದ ಆಗುತ್ತಿರಲಿಲ್ಲ. ಎದುರಾಳಿ ಎಡವಿ ಬಿದ್ದರೆ ನಮ್ಮ ಹುಡುಗ ನಿಂತು ಕೈಕೊಟ್ಟು ಎಬ್ಬಿಸಿ, ಪೆಟ್ಟಾಯಿತೇ ಎಂದು ವಿಚಾರಿಸುವನು. ಅಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗೆ ಬಿದ್ದಿರುತ್ತಿತ್ತು. ಮೇಲಿನಿಂದ ಬರುವ ಚೆಂಡಿಗೆ ಇಬ್ಬರು ಓಡಿ ಬಂದು, ನೀನು ಹೊಡಿ ಎಂದು ಇವನು, ಇಲ್ಲ ನೀನೇ ಹೊಡಿ ಎಂದು ಅವನು, ಇಬ್ಬರೂ ಹಿಂದೆ ಸರಿದು ಚೆಂಡಿಗೆ ದಾರಿ ಬಿಡುವರು. ಕೋಚ್ ಗೆರೆಯ ಹೊರಗೆ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ. ಅವನು ಎಷ್ಟು ಉಗಿದರೂ ಹುಡುಗರು ಕೈಕಟ್ಟಿ ನಿಂತು ಕೇಳಿ, “ಸರಿ ಸರ್” ಎನ್ನುವರು. ತಿರುಗಿ ಒಂದು ಮಾತಾಡುವವನು ಒಬ್ಬನೂ ಇಲ್ಲ. ಬೈದು ಸುಸ್ತಾಗಿ ಅವನೇ ಕೂತುಬಿಡುತ್ತಿದ್ದ.

ಆ ಹುಡುಗರಲ್ಲೆಲ್ಲ ಬೀಗರಿಗೆ ಕಣ್ಣಮಣಿ ಎಂದರೆ ಕ್ಯಾಪ್ಟನ್. ಅವನನ್ನು ಮೊದಲು ನೋಡಿದ ದಿನ ಅವನು ಡಿಫೆನ್ಸಿನಲ್ಲಿ ಗೋಡೆಯ ಹಾಗೆ ನಿಂತಿದ್ದ, ಒಂದು ಸಲವೂ ಗಾಬರಿಯಾಗಲಿಲ್ಲ. ಮನೆಗೆ ಹೋದರೆ ತಾಯಿ ಎಲ್ಲದಕ್ಕೂ ತಾನೇ ಉತ್ತರ ಕೊಟ್ಟಳು. “ನೀವು ಹಾಕಿದ ಗೆರೆ ದಾಟಲ್ಲ ನನ್ನ ಮಗ” ಎಂದಳು. ಹುಡುಗ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದ. ಬೀಗರಿಗೆ ಅಷ್ಟೇ ಸಾಕಾಯಿತು. ಊರಿಗೆ ಕರೆತಂದು, ಬೇರೆಲ್ಲೋ ಯಾಕೆ ಎಂದು ತಮ್ಮ ಮನೆಯ ಮಹಡಿಯ ಕೋಣೆಯನ್ನೇ ಕೊಟ್ಟರು. ಅಂದಿನಿಂದ ಮೂರು ವರ್ಷ ಅವನು ಅವರ ಮನೆಯಲ್ಲೇ ಉಂಡ. ಕೊಳಾಯಿ ಸೋರಿದರೆ ಅವನೇ ಸರಿ ಮಾಡಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಬೀಗರ ಹೆಂಡತಿ ಸಂಜೆ ಸಾಮಾನು ಹೊತ್ತು ಬರುವಾಗ ಬೀದಿಯ ತಿರುವಿನವರೆಗೆ ಹೋಗಿ ಚೀಲ ಇಸಿದುಕೊಳ್ಳುತ್ತಿದ್ದ. ಮಕ್ಕಳಿಲ್ಲದ ಮನೆ. ಹೆಚ್ಚು ಹೇಳುವುದೇನಿದೆ.

ಸೀಸನ್ನಿನ ಕೊನೆಯ ಪಂದ್ಯ ಸಭೆಗೆ ಎರಡು ದಿನ ಮೊದಲು ನಡೆಯಿತು. ಎದುರಾಳಿ ತಂಡದ ಮುಂಚೂಣಿಯಲ್ಲಿದ್ದವನು ಬೀಗರೇ ಹಿಂದೊಮ್ಮೆ ಮನೆಗೆ ಹೋಗಿ ನೋಡಿ ಬೇಡ ಎಂದು ಬಂದ ಹುಡುಗ. ಅವನು ತಾಯಿಯ ಮಾತಿಗೆ ಅಡ್ಡ ಬಾಯಿ ಹಾಕಿ, “ವರ್ಷಕ್ಕೆ ಎಷ್ಟು ಮ್ಯಾಚ್ ಆಡಿಸ್ತೀರಿ? ಬೆಂಚ್ ಕಾಯೋಕೆ ನಾನು ಬರಲ್ಲ” ಎಂದು ಬೀಗರ ಮುಖಕ್ಕೇ ಹೇಳಿದ್ದ. ಹಣ್ಣಿನ ಪೊಟ್ಟಣವನ್ನು ಅಲ್ಲೇ ಬಿಟ್ಟು ಬೀಗರು ಎದ್ದು ಬಂದಿದ್ದರು. ಈ ಪಂದ್ಯದಲ್ಲಿ ಆ ಹುಡುಗ ಒಂದಾದ ಮೇಲೊಂದು ಗೋಲು ಹೊಡೆದ. ಹೊಡೆದಾಗೊಮ್ಮೆ ತನ್ನ ತಂಡದವರನ್ನೇ ಬೈಯುತ್ತಿದ್ದ, ಚೆಂಡು ಇನ್ನೂ ಬೇಗ ಯಾಕೆ ಕೊಡಲಿಲ್ಲ ಎಂದು. ಗ್ಯಾಲರಿಯಿಂದ ಯಾರೋ, “ಬೀಗರೇ, ಈ ಅಳಿಯ ನಿಮಗೆ ಯಾಕೆ ಹಿಡಿಸಲಿಲ್ಲ?” ಎಂದು ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ಬೀಗರು ಕೂತ ಜಾಗದಿಂದ ಏಳದೆ, ಪಂದ್ಯ ಮುಗಿದು ಮೈದಾನ ಖಾಲಿಯಾಗುವವರೆಗೂ ಹಾಗೇ ಕೂತಿದ್ದರು.

ಅಂದು ಸಂಜೆ ಹೆಂಡತಿ ಅವರ ಮುಂದೆ ಟೀ ಇಟ್ಟು ಹೇಳಿದಳು, “ರೀ, ಅವರಾಗಿ ಬೇಡ ಅನ್ನೋ ಮುಂಚೆ ನೀವೇ ಬಿಟ್ಟುಬಿಡಿ. ಮರ್ಯಾದೆಯಾದ್ರೂ ಉಳಿಯುತ್ತೆ.”

“ಬಿಟ್ಟು?”

ಇಬ್ಬರೂ ಕಿಟಕಿಯ ಕಡೆ ನೋಡದ ಹಾಗೆ ನೋಡಿಕೊಂಡರು.

“ಇನ್ನೊಂದೇ ಒಂದು ವರ್ಷ ಕೊಡ್ಲಿ ಸಾಕು,” ಎಂದರು ಬೀಗರು. “ಹುಡುಗರು ಒಳ್ಳೆಯವರು. ಒಬ್ಬರಿಗೊಬ್ಬರು ಹೊಂದಿಕೊಂಡಿದ್ದಾರೆ. ಇನ್ನು ಮೂರ್ನಾಲ್ಕು ಜನ ಇಂಥವರೇ ಸಿಕ್ಕಿಬಿಟ್ರೆ ನೋಡ್ತಾ ಇರು.”

“ಇಂಥವರೇ ಇನ್ನೂ ಬೇಕಾ?” ಎಂದಳು ಆಕೆ. ಬೀಗರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಮಿತಿಯ ಕೋಣೆ ಇದ್ದದ್ದು ಅಧ್ಯಕ್ಷರ ಟೈರ್ ಅಂಗಡಿಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ರಬ್ಬರಿನ ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು. ಶನಿವಾರ ಅಲ್ಲಿ ಅಧ್ಯಕ್ಷರು, ಕೋಚ್, ಸಮಿತಿಯ ನಾಲ್ವರು ಇದ್ದರು. ಬೀಗರಿಗೂ ಒಂದು ಕುರ್ಚಿ ಹಾಕಿದ್ದರು. ಒಬ್ಬರ ವಿಷಯ ಮಾತಾಡುವಾಗ ಅವರನ್ನು ಎದುರಿಗೆ ಕೂರಿಸಿಕೊಂಡೇ ಮಾತಾಡುವುದು ಆ ಕ್ಲಬ್ಬಿನ ಪದ್ಧತಿ. ಹಿಂದೆ ಮಾತಾಡಿಕೊಳ್ಳುವುದಕ್ಕಿಂತ ಇದು ವಾಸಿ ಎಂದು ಹಿರಿಯರು ಮಾಡಿದ್ದು. ಕೂತವನ ಪಾಡು ಏನು ಎಂದು ಅವರು ಯೋಚಿಸಿದ ಹಾಗಿಲ್ಲ.

ಅಧ್ಯಕ್ಷರು ಕೋಚ್ ಕಡೆ ತಿರುಗಿದರು. ಕೋಚ್ ಒಡೆದ ಗಂಟಲಿನಲ್ಲಿ ಹೇಳಿದ, “ಇವರ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ. ಇವರು ತಂದ ಹುಡುಗರ ಮೇಲೂ ಇಲ್ಲ. ನನ್ನ ಮಗಳಿಗೆ ಗಂಡು ಹುಡುಕೋ ಕೆಲಸ ಇದ್ದಿದ್ರೆ ಇವರಿಗೇ ಕೊಡ್ತಿದ್ದೆ.”

ಎಲ್ಲರೂ ನಕ್ಕರು. ಬೀಗರೂ ನಗಬೇಕಾಯಿತು.

ಇಬ್ಬರು ಸದಸ್ಯರು ಸಮಯ ಕೊಡೋಣ ಎಂದರು. ತಂಡ ಕಟ್ಟುವುದು ಒಂದೆರಡು ದಿನದ ಕೆಲಸವಲ್ಲ, ಮಿಂಚುವಿನಂಥವನಿಂದ ಪಟ್ಟ ಪಾಡು ಮರೆತುಹೋಯಿತೇ, ಈಗ ಕ್ಲಬ್ಬಿಗೆ ಊರೂರಲ್ಲಿ ಮರ್ಯಾದೆ ಇದೆ ಎಂದರು. ಇನ್ನಿಬ್ಬರು, ಮರ್ಯಾದೆಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುವುದಕ್ಕಾಗುತ್ತದೆಯೇ ಎಂದರು. ಮಾತು ಅಲ್ಲೇ ಸುತ್ತಿ ಸುತ್ತಿ ನಿಂತಿತು. ಅಧ್ಯಕ್ಷರಿಗೆ ಬೀಗರನ್ನು ಕರೆತಂದವರು ತಾವೇ ಎಂಬ ಮುಲಾಜು. ಯಾವ ಕಡೆಗೂ ಬಾಯಿಬಿಡಲಾರದೆ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಿದ್ದರು. ಕೊನೆಗೆ, “ಇವರ ಜೊತೆ ಬಂದ ಕ್ಯಾಪ್ಟನ್ ಕೆಳಗೇ ಇದಾನಲ್ಲ, ಅವನನ್ನೊಂದು ಮಾತು ಕೇಳೋಣ. ಆಡೋರು ಅವರು ತಾನೆ” ಎಂದರು.

ಬೀಗರಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಯಾರನ್ನು ಬೇಕಾದರೂ ಕೇಳಲಿ, ಇವನನ್ನು ಕೇಳಿದರೆ ತಮಗೆ ಭಯವಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಒರಗಿ ಕೂತರು.

ಹುಡುಗ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತ. ಕೂತುಕೋ ಎಂದರೂ ಕೂರಲಿಲ್ಲ.

“ನೋಡಪ್ಪಾ,” ಎಂದರು ಅಧ್ಯಕ್ಷರು, “ಇವರಿಗೆ ಇನ್ನೊಂದು ವರ್ಷ ಕೊಟ್ಟರೆ ತಂಡಕ್ಕೆ ಒಳ್ಳೇದಾಗುತ್ತೆ ಅನ್ಸುತ್ತಾ ನಿನಗೆ? ಇದ್ದದ್ದು ಇದ್ದ ಹಾಗೆ ಹೇಳು.”

ಹುಡುಗ ಬೀಗರ ಕಡೆ ಒಮ್ಮೆ ನೋಡಿದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ಇಲ್ಲ ಸರ್” ಎಂದ.

ಕೋಚ್ ಕೂಡ ಕಕ್ಕಾಬಿಕ್ಕಿಯಾಗಿ ಕೂತಿದ್ದ.

“ಯಾಕಪ್ಪಾ?”

“ಈ ಸರ್ ನಮ್ಮನ್ನ ತುಂಬಾ ಚೆನ್ನಾಗಿ ನೋಡ್ಕೊಂಡಿದ್ದಾರೆ. ಸ್ವಂತ ಮಕ್ಕಳನ್ನೂ ಯಾರೂ ಹಾಗೆ ನೋಡ್ಕೊಳ್ಳಲ್ಲ,” ಎಂದ ಹುಡುಗ. “ಆದ್ರೆ ಇನ್ನೊಂದು ವರ್ಷ ಕೊಟ್ಟರೆ ಇನ್ನೂ ಒಂದಷ್ಟು ಜನ ನನ್ನಂಥವರನ್ನೇ ತರ್ತಾರೆ. ನನ್ನಂಥವರು ಆಗಲೇ ಜಾಸ್ತಿ ಆಗಿದ್ದೀವಿ ಸರ್. ಗೋಲು ಬಿದ್ದ ಮೇಲೆ ಒಳಗೆ ಹೋಗಿ ಕೂತ್ಕೊಂಡ್ರೆ ಯಾರೂ ಯಾರನ್ನೂ ಬೈಯಲ್ಲ. ನಂದೇ ತಪ್ಪು, ನಂದೇ ತಪ್ಪು ಅಂತ ಹನ್ನೊಂದು ಜನಾನೂ ಹೇಳ್ತೀವಿ. ಯಾರದ್ದು ತಪ್ಪು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಒಬ್ಬನಾದ್ರೂ ಎದ್ದು ನಿಂತು ಕೂಗಾಡೋನು ಬೇಕಿತ್ತು. ಅಂಥವನು ಸರ್‌ಗೆ ಹಿಡಿಸಲ್ಲ.”

ಬೀಗರ ಮುಖಕ್ಕೆ ಹೊಡೆದಂತಾಯಿತು. ಮೊದಲು ಬಂದದ್ದು ಸಿಟ್ಟು. ನಾನು ತಂದವನು, ನನ್ನ ಮನೆಯಲ್ಲಿ ಉಂಡವನು, ನನ್ನ ಎದುರಿಗೇ ನಿಂತು! ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದು ಇನ್ನೂ ಕೆಟ್ಟದ್ದು: ಹುಡುಗ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಹೊಸ ಮುಖ್ಯಸ್ಥ ಬಂದರೆ ಮೊದಲು ಹೊರಗೆ ಹೋಗುವವನು ತಾನೇ ಎಂದು ಗೊತ್ತಿದ್ದೂ ಅವನು ಹೇಳಿದ್ದ. ಅಧ್ಯಕ್ಷರು, “ನೀವೇನಾದ್ರೂ ಹೇಳೋದಿದ್ಯಾ?” ಎಂದು ಕೇಳಿದಾಗ ಬೀಗರು ಇಲ್ಲ ಎಂದು ತಲೆಯಾಡಿಸಿದರು. ಇನ್ನೊಂದು ವರ್ಷ ಕೊಡುವುದು ಬೇಡ ಎಂದು ಸಮಿತಿ ತೀರ್ಮಾನಿಸಿತು. ಎಲ್ಲರೂ ಎದ್ದು ಅವರ ಕೈ ಕುಲುಕಿದರು. ಕೋಚ್ ಅವರ ಕೈಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ.

ಮನೆಗೆ ಬಂದು ಬೀಗರು ನಡೆದದ್ದನ್ನು ಹೇಳಿದಾಗ ಹೆಂಡತಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೆಂಡವಾದಳು.

“ಹಾಲು ಕುಡಿಸಿ ಸಾಕಿದ್ದಕ್ಕೆ ಸರಿಯಾಗೇ ಮಾಡಿದ! ಉಂಡ ಮನೆಗೆ ಎರಡು ಬಗೆದ. ಇಲ್ಲಿ ಕೂತ್ಕೊಂಡು ನಾಳೆಯಿಂದ ಅವನ ಮುಖ ನಾನು ಹೇಗೆ ನೋಡ್ಲಿ?”

“ಸುಳ್ಳೇನೂ ಹೇಳಲಿಲ್ಲ ಕಣೇ.”

“ಸುಳ್ಳು ಬೇರೆ ಹೇಳ್ಬೇಕಿತ್ತಾ!” ಎಂದು ಆಕೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಕುಕ್ಕುತ್ತಲೇ ಅಡುಗೆ ಮಾಡಿದಳು. ಮೇಜಿನ ಮೇಲೆ ತಟ್ಟೆ ಹಾಕುವ ಹೊತ್ತಿಗೆ ನೋಡಿದರೆ ಮೂರು ತಟ್ಟೆ ಹಾಕಿದ್ದಳು. ಒಂದನ್ನು ತೆಗೆಯಲು ಕೈ ಚಾಚಿ, ತೆಗೆಯದೆ ಒಳಗೆ ಹೋದಳು.

ಮಹಡಿಯಲ್ಲಿ ಏನನ್ನೋ ಎಳೆಯುವ ಸದ್ದು ಕೇಳುತ್ತಿತ್ತು. ಬೀಗರು ಮೆಟ್ಟಿಲು ಹತ್ತಿ ಹೋದರು. ಬಾಗಿಲು ತೆರೆದೇ ಇತ್ತು. ಹುಡುಗ ಹಾಸಿಗೆ ಸುತ್ತಿಟ್ಟು ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಇವರನ್ನು ಕಂಡು ಎದ್ದು ನಿಂತ.

“ಎಲ್ಲಿಗೆ ಹೊರಟೆ?”

“ಇಲ್ಲಿರೋಕೆ ನನಗೆ ಮುಖ ಇಲ್ಲ ಸರ್.”

“ಮುಖ ಆಮೇಲೆ ನೋಡೋಣ. ಊಟಕ್ಕೆ ಬಾ.”

ಹುಡುಗ ಬಂದ. ಬಾ ಎಂದರೆ ಬರದೆ ಇರುವುದು ಅವನಿಗೆ ಗೊತ್ತೇ ಇರಲಿಲ್ಲ. ಮೂವರೂ ಕೂತರು. ಬೀಗರ ಹೆಂಡತಿ ಅವನ ಕಡೆ ನೋಡದೆ, ಆದರೆ ಅವನಿಗೆ ಎಷ್ಟು ಬೇಕೋ ಅಷ್ಟನ್ನು ಸರಿಯಾಗಿ ಬಡಿಸಿದಳು.

ಬೀಗರು ತಡೆಯಲಾರದೆ ಕೇಳಿದರು, “ಅಲ್ಲಯ್ಯಾ, ಮೂರು ವರ್ಷ ದಿನಾ ಇದೇ ಮೇಜಲ್ಲಿ ನನ್ನ ಎದುರಿಗೆ ಕೂತು ಊಟ ಮಾಡಿದೀಯ. ಇಷ್ಟೆಲ್ಲಾ ನಿನ್ನ ಮನಸ್ಸಲ್ಲಿ ಇತ್ತಲ್ಲ, ನನ್ನ ಹತ್ರ ಒಂದ್ಸಲ ಹೇಳಬಾರದಾಗಿತ್ತಾ? ಆ ಜನರ ಎದುರಿಗೇ ಹೇಳಬೇಕಿತ್ತಾ?”

ಹುಡುಗ ತುತ್ತನ್ನು ತಟ್ಟೆಗೆ ಹಾಕಿದ. “ನೀವು ಕೇಳಲಿಲ್ಲ ಸರ್.”

“ನಾನು ಕೇಳಲಿಲ್ವಾ? ನಿಮ್ಮನೇಗೆ ಬಂದು ಅಷ್ಟೊಂದು ಕೇಳಿದೆನಲ್ಲ!”

“ಅಮ್ಮನ್ನ ಕೇಳಿದ್ರಿ. ಪಕ್ಕದ ಮನೆಯವರನ್ನ ಕೇಳಿದ್ರಿ. ಮೇಷ್ಟ್ರನ್ನ ಕೇಳಿದ್ರಿ. ಇಲ್ಲಿಗೆ ಬಂದ ಮೇಲೆ ಊಟ ಆಯ್ತಾ, ನಿದ್ದೆ ಬಂತಾ, ಊರಿಗೆ ಫೋನ್ ಮಾಡಿದ್ಯಾ ಅಂತ ದಿನಾ ಕೇಳಿದ್ರಿ. ಆಟದ ವಿಷಯ ನನ್ನನ್ನ ಯಾವತ್ತೂ ಕೇಳಲಿಲ್ಲ. ಇವತ್ತು ಅಧ್ಯಕ್ಷರು ಕೇಳಿದ್ರು, ಹೇಳಿದೆ. ಕೇಳಿದ ಮೇಲೆ ಸುಳ್ಳು ಹೇಳೋಕೆ ನನಗೆ ಬರಲ್ಲ. ನೀವು ಕೇಳಿದ್ರೆ ನಿಮಗೇ ಮೊದಲು ಹೇಳ್ತಿದ್ದೆ.”

ಬೀಗರು ಹೆಂಡತಿಯ ಕಡೆ ನೋಡಿದರು. ಅವಳು ಈಗ ಹುಡುಗನನ್ನೇ ನೋಡುತ್ತಿದ್ದಳು. ಇನ್ನೊಂದು ವರ್ಷ ಸಿಕ್ಕರೆ ಸಾಕು ಎನ್ನುತ್ತಿದ್ದರಲ್ಲ, ಬೇಕಾಗಿದ್ದ ಉತ್ತರ ಮೂರು ವರ್ಷ ತಮ್ಮ ಮನೆಯ ಮಹಡಿಯ ಮೇಲೆಯೇ ಓಡಾಡಿಕೊಂಡಿತ್ತು. ಇನ್ನೂ ಒಂದು ವರ್ಷ ಕೊಟ್ಟಿದ್ದರೆ ಅದನ್ನೂ ಯಾರದೋ ಮನೆಯ ಪಡಸಾಲೆಯಲ್ಲಿ ಕೂತು, ಯಾರದೋ ತಾಯಿಯನ್ನು ಕೇಳುತ್ತ ಕಳೆದುಬಿಡುತ್ತಿದ್ದರು.

“ಸರಿ. ಈಗ ಕೇಳ್ತಾ ಇದೀನಿ,” ಎಂದರು. “ಇನ್ನೇನಾದ್ರೂ ಇದ್ಯಾ?”

ಹುಡುಗ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ, “ನಾನು ಡಿಫೆಂಡರ್ ಅಲ್ಲ ಸರ್.”

“ಹಾಂ?”

“ನಮ್ಮೂರಲ್ಲಿ ನಾನು ಮುಂದೆ ಆಡ್ತಿದ್ದೆ. ಗೋಲು ಹೊಡೆಯೋನು ನಾನೇ. ನೀವು ನೋಡೋಕೆ ಬಂದ ದಿನ ನಮ್ಮ ಡಿಫೆಂಡರ್‌ಗೆ ಜ್ವರ. ಯಾರೂ ಇರಲಿಲ್ಲ ಅಂತ ನಾನು ಹಿಂದೆ ನಿಂತ್ಕೊಂಡೆ.”

“ಮತ್ತೆ ನಿಮ್ಮಮ್ಮ ಹೇಳಲೇ ಇಲ್ವಲ್ಲೋ!”

“ಅಮ್ಮಂಗೆ ಗೊತ್ತಿಲ್ಲ ಸರ್. ಅಮ್ಮ ಇವತ್ತಿನವರೆಗೂ ಒಂದು ಮ್ಯಾಚೂ ನೋಡಿಲ್ಲ. ನೀವು ಹಣ್ಣು ತಂದಿದ್ರಿ, ಒಳ್ಳೆ ಡಿಫೆಂಡರ್ ನಿಮ್ಮ ಮಗ ಅಂದ್ರಿ, ಅಮ್ಮ ಅಷ್ಟು ಖುಷಿ ಪಟ್ಟರು. ಹಿರಿಯರ ಮಾತು ತಪ್ಪು ಅಂತ ಹೇಗೆ ಹೇಳೋದು ಅಂತ ಸುಮ್ಮನಾದೆ.”

ಬೀಗರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲು ಹೋಗಿ ಕೆಮ್ಮಿದಳು, ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೋ ಅಲ್ಲವೋ ಅವಳಿಗೂ ಹೇಳಲಾಗುತ್ತಿರಲಿಲ್ಲ. ಬೀಗರಿಗೆ ನಗು ಬರಲಿಲ್ಲ. ಹಿಂದೆ ನಿಂತು ಮೂರು ವರ್ಷ ಗೋಲು ತಿಂದವನು ಮುಂದೆ ನಿಂತು ಗೋಲು ಹೊಡೆಯಬೇಕಾದವನು. ಕ್ಲಬ್ಬು ಊರೂರು ಹುಡುಕಿದ ಸ್ಟ್ರೈಕರ್ ತಮ್ಮ ಮನೆಯ ಕೊಳಾಯಿ ರಿಪೇರಿ ಮಾಡಿಕೊಂಡಿದ್ದ.

“ಗೋಲ್‌ಕೀಪರ್?” ಎಂದರು ಮೆಲ್ಲಗೆ, ಉತ್ತರಕ್ಕೆ ಹೆದರಿಕೊಂಡೇ.

“ಅವನು ಗೋಲ್‌ಕೀಪರೇ ಸರ್.”

“ಸದ್ಯ!”

ಆಮೇಲೆ ಬೀಗರಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಳೆಯ ಉತ್ಸಾಹ ನೆತ್ತಿಗೇರಿತು. “ನಾಳೆ ಬೆಳಿಗ್ಗೆ ಎದ್ದ ತಕ್ಷಣ ಕೋಚ್ ಮನೆಗೆ ಹೋಗೋಣ. ನಾನೇ ಹೇಳ್ತೀನಿ, ಇವನನ್ನ ಮುಂದೆ ನಿಲ್ಲಿಸಿ ನೋಡಯ್ಯಾ ಅಂತ. ಏನೇ, ನನ್ನ ಬಿಳಿ ಅಂಗಿ ಇಸ್ತ್ರಿ ಆಗಿದ್ಯಾ?”

“ಸರ್,” ಎಂದ ಹುಡುಗ.

“ಕೋಚ್ ನನ್ನ ಮಾತು ತೆಗೆದುಹಾಕಲ್ಲ. ಕೆಲಸ ಹೋದ್ರೇನು, ಮನುಷ್ಯ ಹೋದ್ನಾ?”

“ಸರ್, ನೀವು ಬರಬೇಡಿ.”

ಬೀಗರು ನಿಂತಲ್ಲೇ ನಿಂತರು. ಹುಡುಗ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಆದರೆ ಕಣ್ಣು ಕೆಳಗಿಳಿಯಲಿಲ್ಲ.

“ನೀವು ಬಂದ್ರೆ ಮತ್ತೆ ನೀವೇ ಮಾತಾಡ್ತೀರಿ. ನಾನು ಮತ್ತೆ ಬಾಗಿಲಲ್ಲಿ ನಿಂತ್ಕೋತೀನಿ. ನಾನೊಬ್ಬನೇ ಹೋಗ್ತೀನಿ.”

ಒಂದೇ ದಿನದಲ್ಲಿ ಎರಡನೆಯ ಸಲ ಅವನು ಅವರಿಗೆ ಬೇಡ ಎಂದಿದ್ದ. ಮೊದಲನೆಯದು ಅವರ ಕೆಲಸವನ್ನು ಕಿತ್ತುಕೊಂಡಿತ್ತು. ಎರಡನೆಯದು ಅದಕ್ಕಿಂತ ಹೆಚ್ಚು ನೋಯಿಸಿತು. ಮಗ ಮೊದಲ ಸಲ ಕೈಬಿಡಿಸಿಕೊಂಡು ನಡೆದಾಗ ಅಪ್ಪಂದಿರಿಗೆ ಆಗುವುದು ಇದೇ ಇರಬೇಕು ಎನ್ನಿಸಿತು. ಜೊತೆಗೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಹೆಮ್ಮೆಯೂ ಆಯಿತು. ಗಂಟಲಿಗೆ ಬಂದ ಬುದ್ಧಿಮಾತುಗಳನ್ನೆಲ್ಲ ಕಷ್ಟಪಟ್ಟು ನುಂಗಿಕೊಂಡರು.

“ಆಯ್ತಪ್ಪಾ, ಬರಲ್ಲ,” ಎಂದರು.

ಕುರ್ಚಿ ಎಳೆದುಕೊಂಡು ಮತ್ತೆ ಊಟಕ್ಕೆ ಕೂತರು. ಆರಿಹೋಗಿದ್ದ ಅನ್ನವನ್ನು ಹೆಂಡತಿ ಬಿಸಿ ಮಾಡಿ ತರುತ್ತೇನೆಂದರೂ ಕೇಳದೆ ಹಾಗೇ ತಿಂದು ಮುಗಿಸಿದರು.